ಬನ್ನಿ ಬೆಡಗಿನ ತಂಗಿ

ಭರಮಸಾಗರದ ಉಗ್ರಪ್ಪನ ಕಿರಿಮಗಳು ಬೃಂದಾಳಿಗೆ ಅನುಮಾನವೆಂಬುದು ಹುಟ್ಟುಗುಣವಲ್ಲ, ಅಕ್ಕನ ಮದುವೆಯಿಂದ ಬಂದ ಬಳುವಳಿ. ಅಕ್ಕ ಕೀರ್ತನಾಳನ್ನು ಹೊಳಲ್ಕೆರೆ ಕಡೆಯ ಹೈಸ್ಕೂಲು ಮೇಷ್ಟ್ರಿಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ತಿಂಗಳಿಗೆ ತಿಳಿಯಿತು, ಆತ ಮೇಷ್ಟ್ರೂ ಅಲ್ಲ, ಮೇಷ್ಟ್ರ ಚೀಲ ಹೊರುವವನೂ ಅಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಟವನು ಸಂಜೆಯವರೆಗೆ ಇಸ್ಪೀಟಾಡಿ ಬರುತ್ತಿದ್ದ. ಕೀರ್ತನಾ ತವರಿಗೆ ಮರಳಿ ಎರಡು ವರ್ಷವಾಯಿತು.

ಅಂದಿನಿಂದ ಬೃಂದಾ ಬೆಳ್ಳಗಿರುವುದನ್ನೆಲ್ಲ ಹಾಲೆಂದು ನಂಬುವುದನ್ನು ಬಿಟ್ಟಳು. ಅವಳ ಕೆಲಸವೂ ಅದಕ್ಕೆ ತಕ್ಕಂತೆಯೇ ಇತ್ತು. ಚಿತ್ರದುರ್ಗದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ದಿನವಿಡೀ ಸೂಜಿ ಹಿಡಿದು ಕೂತವಳಿಗೆ, ಸಕ್ಕರೆಯನ್ನು ಮೂಸಿಯೂ ನೋಡುವುದಿಲ್ಲ ಎಂದು ಆಣೆ ಮಾಡುವವರ ರಕ್ತ ಏನು ಹೇಳುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಇಂಥವಳಿಗೆ ಹೊಸದುರ್ಗದ ಮಲ್ಲೇಶನ ಸಂಬಂಧ ಬಂತು. ದಲ್ಲಾಳಿ ನಾಗಣ್ಣ ತಂದ ಬಯೋಡೇಟಾದಲ್ಲಿ ಹೀಗಿತ್ತು: ಗಾಳಿಯಂತ್ರದ ಕಂಪನಿಯಲ್ಲಿ ಟೆಕ್ನಿಷಿಯನ್, ಪರ್ಮನೆಂಟ್ ನೌಕರಿ, ಕುರಿ ಸಾಕಿದ ಮನೆತನ, ಬೆಡಗು ಬನ್ನಿ. ಅಜ್ಜಿ ದೊಡ್ಡಕ್ಕ ಕೊನೆಯದೊಂದನ್ನೇ ಕೇಳಿ ತಲೆಯಾಡಿಸಿದಳು. ಬೆಡಗೆಂದರೆ ಕುಲದೊಳಗಿನ ಬಳಿ, ಗೋತ್ರವಿದ್ದ ಹಾಗೆ. ಇವರದು ಜೀರಿಗೆ ಬೆಡಗು. ಒಂದೇ ಬೆಡಗಿನವರಾದರೆ ಎಲ್ಲಿ ಹುಟ್ಟಿದ್ದರೂ ಅಣ್ಣ ತಂಗಿಯರು, ಅಲ್ಲಿ ಮದುವೆಯ ಮಾತೇ ಏಳುವುದಿಲ್ಲ. ಬೇರೆ ಬೆಡಗಾದರೆ ಉಳಿದದ್ದನ್ನೆಲ್ಲ ಮಾತಾಡಬಹುದು.

"ಹೆಸ್ರು ಬದಲಾಸ್ತಾರೆ, ಊರು ಬದಲಾಸ್ತಾರೆ. ಬೆಡಗು ಮಾತ್ರ ಯಾವ ಕಳ್ಳನೂ ಸುಳ್ಳು ಹೇಳಂಗಿಲ್ಲ ಕಣವ್ವ," ಎಂದಳು ಅಜ್ಜಿ.

"ನೌಕರಿ ಸುಳ್ಳು ಹೇಳ್ತಾರಲ್ಲಜ್ಜಿ," ಎಂದಳು ಬೃಂದಾ. ಹುಡುಗ ಮೂರು ವಾರ ಬಿಟ್ಟು ಭಾನುವಾರ ನೋಡಲು ಬರುವುದೆಂದು ನಿಗದಿಯಾಯಿತು.

ಲ್ಯಾಬಿನಲ್ಲಿ ಬಿಲ್ಲು ಬರೆಯುವ ಯೋಗೇಶ್ ಹುಡುಗನ ಫೋಟೋ ನೋಡಿದವನೇ ಕುರ್ಚಿಯಿಂದ ಎದ್ದ. "ಅಕ್ಕಾ, ಇವ್ರು ನಮ್ ಸಿಟಿ ಬಸ್ ಡ್ರೈವರ್ರು!"

ಯಾವ ಸಿಟಿ ಎಂದರೆ ಕಂಪ್ಯೂಟರಿನೊಳಗಿನ ಸಿಟಿ. ಕಲ್ಲುಪೇಟೆ ಎಂದು ಅದರ ಹೆಸರು. ಕನ್ನಡದವರೇ ನಾಲ್ಕು ಸಾವಿರ ಜನ ಸೇರಿ ಆಡುವ ಆಟ. ಆಟವೆಂದರೆ ಗೆಲ್ಲುವುದು ಸೋಲುವುದಲ್ಲ, ಒಂದು ವೇಷ ಹಾಕಿಕೊಂಡು ಬದುಕುವುದು. ಒಬ್ಬ ಪೊಲೀಸು, ಒಬ್ಬ ಕಳ್ಳ, ಒಬ್ಬ ಡಾಕ್ಟರು. ಮೈಕಿನಲ್ಲಿ ಮಾತಾಡುತ್ತಾ, ತಾನು ಅವನೇ ಎಂಬಂತೆ ನಡೆದುಕೊಳ್ಳಬೇಕು. ಹೋದ ವರ್ಷ ಆಟದವರೆಲ್ಲ ಚಿತ್ರದುರ್ಗದಲ್ಲಿ ಸೇರಿದ್ದಾಗ ಯೋಗೇಶ್ ಮಲ್ಲೇಶನನ್ನು ಕಂಡಿದ್ದನಂತೆ. ಆಟದಲ್ಲಿ ಅವನು ಬಸ್ ಡ್ರೈವರ್, ಹೆಸರು ಎತ್ತಪ್ಪ.

ಬೃಂದಾಳ ಕಿವಿ ನೆಟ್ಟಗಾಯಿತು. ರಾಜನಾಗಬಹುದಾದ ಕಡೆ ಬಸ್ಸು ಓಡಿಸುವವನು ಏನನ್ನೋ ಮುಚ್ಚಿಡುತ್ತಿರಬೇಕು. ಇಲ್ಲವಾದರೆ ಬಸ್ಸಿಗೆ ಹತ್ತುವ ಹುಡುಗಿಯರ ಮೇಲೆ ಅವನ ಕಣ್ಣಿರಬೇಕು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ, ಸರಿಯೇ. ಆದರೆ ಅಕ್ಕನ ಬಾಳು ನೋಡಿದ ಮೇಲೆ ಯಾರ ಕಣ್ಣು ಬೆಳ್ಳಗಿರುತ್ತದೆ?

"ನಾನೂ ಸೇರ್ತೀನಿ," ಎಂದಳು.

ಸೇರುವುದು ಸುಲಭವಾಗಿರಲಿಲ್ಲ. ವೇಷದ ಹೆಸರು, ಹುಟ್ಟಿದೂರು, ಸಿಟಿಗೆ ಬಂದ ಕಾರಣ ಎಲ್ಲ ಬರೆದು ಅರ್ಜಿ ಹಾಕಬೇಕು. ಬೃಂದಾ ಬರೆದಳು: ಹೆಸರು ಲತಾ, ಹಿರಿಯೂರು ಕಡೆಯವಳು, ಹೂವಿನಂಗಡಿ ಇಡಲು ಬಂದವಳು. ಆಮೇಲೆ ಮೈಕಿನಲ್ಲಿ ಸಂದರ್ಶನ. ಬಸ್‌ಸ್ಟ್ಯಾಂಡಿನ ಹಿಂದೆ ಯೋಗೇಶನ ಭಾವನದೊಂದು ಗೇಮಿಂಗ್ ಸೆಂಟರ್ ಇತ್ತು. ಲ್ಯಾಬು ಮುಗಿಸಿ ಊರಿನ ಏಳರ ಬಸ್ಸು ಹಿಡಿಯುವವರೆಗೆ ಅವಳ ಕಾರಸ್ಥಾನ ಅಲ್ಲಿಯೇ. ಯೋಗೇಶ್ ಅದೇನನ್ನೋ ಒತ್ತಿ ಅವಳ ದನಿಯನ್ನು ಕಾಲೇಜು ಹುಡುಗಿಯದೆಂಬಂತೆ ತೆಳ್ಳಗೆ ಮಾಡಿಕೊಟ್ಟ.

ಕಲ್ಲುಪೇಟೆಯ ಬಾಗಿಲು ಕಾಯುತ್ತಾ ಸಂದರ್ಶನ ನಡೆಸುವವನ ಹೆಸರು ಜಂಪಣ್ಣ. ದನಿಯಲ್ಲಿ ಹಳೆಯ ಹೆಡ್‌ಮಾಸ್ತರರ ಗತ್ತು.

"ಹೊರಗೆ ಗೊತ್ತಿರೋದನ್ನ ಒಳಗೆ ತರಂಗಿಲ್ಲ. ಒಳಗಿಂದು ಹೊರಗೆ ಒಯ್ಯಂಗಿಲ್ಲ. ಇದೊಂದು ಮುರಿದ್ರೆ ಸಿಟಿ ಬಿಡ್ಬೇಕಾಗ್ತೈತೆ. ಯಾರನ್ನಾರ ಪತ್ತೆ ಮಾಡಾಕೆ ಬಂದೀಯೇನಮ್ಮ?"

ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಬೃಂದಾ, "ಇಲ್ಲ ಇಲ್ಲ, ಯಾರನ್ನೂ ಇಲ್ಲ, ನಂಗ್ಯಾಕೆ ಬೇಕು," ಎಂದು ಮೂರು ಸಲ ಹೇಳಿದಳು. ಜಂಪಣ್ಣ ಬಾಗಿಲು ತೆಗೆದ.

ಎತ್ತಪ್ಪನ ಹಸಿರು ಬಸ್ಸು ಮೊದಲ ದಿನವೇ ಸಿಕ್ಕಿತು. ಹತ್ತಿದವಳನ್ನು ಅವನು ಈ ಸೀಮೆಯಲ್ಲಿ ಯಾರಾದರೂ ಕೇಳುವಂತೆಯೇ ಕೇಳಿದ. "ಯಾವೂರಮ್ಮ?"

"ಹಿರಿಯೂರು ಕಡೆ."

"ಯಾರ ಪೈಕಿ?"

"ಕುರಿಯೋರು."

"ಹೌದಾ! ನಾವೂ ಅದೇ. ಬೆಡಗು ಯಾವುದು?"

ಅರ್ಜಿಯಲ್ಲಿ ಇಲ್ಲದ ಪ್ರಶ್ನೆ ಅದು. ಜೀರಿಗೆ ಎಂದರೆ ಸಿಕ್ಕಿಬೀಳುತ್ತೇನೆ ಎಂಬ ಗಾಬರಿಯಲ್ಲಿ ಬೇರೊಂದು ಹೆಸರಿಗೆ ತಡಕಾಡಿದಳು. ಬಯೋಡೇಟಾ ಓದಿ ಓದಿ ಬಾಯಿಪಾಠವಾಗಿದ್ದ ಪದವೇ ನಾಲಿಗೆಗೆ ಬಂತು.

"ಬನ್ನಿ."

ಬಸ್ಸು ಗಕ್ಕನೆ ನಿಂತಿತು. ಹಿಂದಿನವರು ಹಾರನ್ ಹೊಡೆದರು. "ಲೇ, ನಾನೂ ಬನ್ನಿಯವ್ನೇ! ಹಂಗಾರೆ ನೀನು ನನ್ ತಂಗಿ ಆದೆ. ಇಲ್ಲಿ ಹೆಸ್ರು ಸುಳ್ಳು, ಕೆಲ್ಸ ಸುಳ್ಳು, ಮೀಸೆನೂ ಸುಳ್ಳು. ಒಂದಾರ ನಿಜ ಸಿಕ್ತಲ್ಲ!"

ಬೃಂದಾ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡಳು. ಹುಡುಗಿಯರ ಜೊತೆ ಹೇಗಿರುತ್ತಾನೆಂದು ನೋಡಲು ಬಂದವಳು ತಂಗಿಯಾಗಿ ಕೂತಳು. ತಂಗಿಯ ಜೊತೆ ಅವನು ಹೇಗಿದ್ದರೂ ಅದು ಲೆಕ್ಕಕ್ಕಿಲ್ಲ.

ಆದರೂ ಬಿಡಲಿಲ್ಲ. ಎರಡು ವಾರ ದಿನಾ ಬಸ್ಸು ಹತ್ತಿದಳು. ಅವನು ಹೂವಿನಂಗಡಿಗೆ ಜಾಗ ಕೊಡಿಸಿದ, ಪುಂಡರು ಅಂಗಡಿ ಲೂಟಿ ಮಾಡಲು ಬಂದಾಗ ಬಸ್ಸನ್ನೇ ಅಡ್ಡ ನಿಲ್ಲಿಸಿದ. ಅಣ್ಣ ಅಣ್ಣ ಎಂದು ಕರೆದು ಅವಳಿಗೆ ರೂಢಿಯಾಯಿತು. ಒಳ್ಳೆಯವನೆಂದು ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ. ಇಷ್ಟು ಒಳ್ಳೆಯತನ ಸುಮ್ಮಸುಮ್ಮನೆ ಯಾರಿಗಿರುತ್ತದೆ?

ಶುಕ್ರವಾರ ಅವನು ಬಸ್ಸನ್ನು ಸಿಟಿಯ ಕೆರೆ ಏರಿ ಮೇಲೆ ನಿಲ್ಲಿಸಿದ. "ತಂಗಿ, ರೂಲ್ಸ್ ಮುರಿತಿದೀನಿ. ಹೊರಗಿನ ಮಾತು. ಯಾರಿಗೂ ಹೇಳ್ಬ್ಯಾಡ."

"ಹೇಳಣ್ಣ."

"ನಾಡಿದ್ದು ಹೆಣ್ಣು ನೋಡಾಕೆ ಹೋಗ್ಬೇಕು. ಪರ್ಮನೆಂಟ್ ಕೆಲ್ಸ ಅಂತ ದಲ್ಲಾಳಿ ಬರೆದುಬಿಟ್ಟಾನೆ. ನಂದು ಕಾಂಟ್ರಾಕ್ಟು, ಮಾರ್ಚಿಗೆ ಮುಗಿತೈತೆ. ಮನೆಯಾಗೆ ಹೇಳಿದ್ರೆ ಮದ್ವೆ ಆಗಗಂಟ ಬಾಯಿ ಮುಚ್ಕಂಡಿರು ಅಂತಾರೆ. ಹುಡುಗಿ ಫೋಟೋ ನೋಡೀನಿ. ಹೇಳಿದ್ರೆ ಕೈ ತಪ್ತಾಳೆ ಅಂತ ಭಯ."

ಬೃಂದಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಿಕ್ಕಿತು, ತಾನು ಹುಡುಕಿ ಬಂದ ಸುಳ್ಳು ಕೈಗೇ ಸಿಕ್ಕಿತು. ಆದರೆ ಅದನ್ನು ಕೈಗಿಟ್ಟವನೂ ಅವನೇ. ಒಂದು ವೇಳೆ ತಾನು ಯಾರೆಂದು ತಿಳಿದೇ ಈ ನಾಟಕ ಆಡುತ್ತಿರಬಹುದೇ?

"ಹೇಳಿಬಿಡಣ್ಣ," ಎಂದಳು. "ಆ ಹುಡುಗಿ ಏನಂದ್ರೂ ಸರಿ, ನೀನು ಹೇಳ್ಬೇಕು."

ಹೇಳಿದರೆ ನಂಬುತ್ತೇನೆ, ಹೇಳದಿದ್ದರೆ ಇಲ್ಲ ಎಂದು ಬಸ್ಸಿನಲ್ಲಿ ಊರಿಗೆ ಹೋಗುತ್ತಾ ತೀರ್ಮಾನಿಸಿದಳು.

ಭಾನುವಾರ ಮಲ್ಲೇಶ ಬಂದ. ಜೊತೆಗೆ ಚಿಕ್ಕಪ್ಪ, ದಲ್ಲಾಳಿ ನಾಗಣ್ಣ. ಉಗ್ರಪ್ಪ "ಬರ್ರಿ, ಕುಂತ್ಕಳ್ರಿ" ಎಂದು ಉಪಚರಿಸಿದ. ಮಂಡಕ್ಕಿ, ಮೆಣಸಿನಕಾಯಿ, ಟೀ ಆಯಿತು. ಹುಡುಗ ಹುಡುಗಿ ಮಾತಾಡಲಿ ಎಂದು ಹಿತ್ತಲಿಗೆ ಕಳಿಸಿದರು. ಕುರಿದೊಡ್ಡಿಯ ಪಕ್ಕ ನಿಂತು ಅವನು ಮರಿಗಳ ವಿಷಯ ಕೇಳಿದ, ಲ್ಯಾಬಿನ ವಿಷಯ ಕೇಳಿದ. ಕೆಲಸದ ಮಾತೆತ್ತಲಿಲ್ಲ. ಆಮೇಲೆ, "ಒಳಗೆ ಹೋಗಾಣ?" ಎಂದು ತಿರುಗಿದ.

ಬೃಂದಾಳಿಗೆ ಒಳಗೊಳಗೇ ಒಂದು ಕೆಟ್ಟ ಖುಷಿಯಾಯಿತು. ನೋಡಿದೆಯಾ, ಇವನೂ ಅಷ್ಟೇ.

ಎರಡು ಹೆಜ್ಜೆ ಹೋದವನು ನಿಂತ. "ಒಂದು ಮಾತೈತ್ರಿ. ನಂದು ಪರ್ಮನೆಂಟ್ ಅಲ್ಲ. ಕಾಂಟ್ರಾಕ್ಟು. ಮಾರ್ಚಿಗೆ ಮುಗಿತೈತೆ. ಬೇಡ ಅಂದ್ರೆ ಬೇಜಾರಿಲ್ಲ. ಸುಳ್ಳು ಹೇಳಿ ಕರ್ಕಂಡು ಹೋಗಾಕೆ ಮನಸ್ಸು ಒಪ್ಲಿಲ್ಲ."

ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಕೆಳಗಿಳಿಯಿತು. ಅವನೇ ಬೇಕು, ಕೆಲಸ ಹಾಳಾಗಿಹೋಗಲಿ ಎನ್ನಿಸಿತು. ಆ ಸಂತೋಷದಲ್ಲಿ ಬಾಯಿ ಜಾರಿತು.

"ಹೇಳೇಬಿಟ್ಟೆಯಲ್ಲಣ್ಣ!"

ಮಲ್ಲೇಶ ಅವಳನ್ನೇ ನೋಡಿದ. ದನಿ ಬೇರೆಯಾಗಿತ್ತು, ಆ ಮಾತಿನ ಎಳೆ ಬೇರೆಯಾಗಿರಲಿಲ್ಲ. "ಲತಾ?"

ಬೃಂದಾ ಎಲ್ಲವನ್ನೂ ಹೇಳಿದಳು. ಅಕ್ಕನ ಕತೆ, ಅನುಮಾನ, ಅರ್ಜಿ. "ನನ್ ಬೆಡಗು ಬನ್ನಿ ಅಲ್ಲ, ಜೀರಿಗೆ. ಗಾಬ್ರಿಯಾಗಿ ಬಾಯಿಗೆ ಬಂದದ್ದು ಹೇಳ್ದೆ. ನಾವು ಅಣ್ಣ ತಂಗಿ ಅಲ್ರಿ."

"ಕೆಲ್ಸ ಸುಳ್ಳು ಹೇಳಿದ್ರೆ ತಪ್ಪು ಅಂತ ನಂಗೆ ಹೇಳಿಕೊಟ್ಟೋಳು ನೀನೇ," ಎಂದ ಅವನು ಮೆಲ್ಲಗೆ. "ಆ ಸಿಟಿಯಾಗೆ ನಾನು ನಂಬಿದ್ದು ಅದೊಂದು ಬೆಡಗನ್ನ. ಅದ್ಕೇ ಮನಸಿನ ಮಾತು ಹೇಳಿದ್ದು."

ಒಳಗೆ ಹೋದ ಮಲ್ಲೇಶ ಎಲ್ಲರೆದುರು ತನ್ನ ನೌಕರಿಯ ನಿಜ ಹೇಳಿದ. ಬೃಂದಾಳ ವಿಷಯ ಒಂದಕ್ಷರ ಎತ್ತಲಿಲ್ಲ. ನಾಗಣ್ಣ ಕೆಮ್ಮಿದ, ಚಿಕ್ಕಪ್ಪ ನೆಲ ನೋಡಿದ, ಉಗ್ರಪ್ಪನ ಮುಖ ಗಂಟಾಯಿತು. ಹೊಸಿಲು ದಾಟುವ ಮುನ್ನ ಮಲ್ಲೇಶ ಹಿಂದಿರುಗಿ, ಎಲ್ಲರಿಗೂ ಕೇಳುವಂತೆ, "ಬರ್ತೀನಿ ತಂಗಿ," ಎಂದ.

ಹಿರಿಯರೆದುರು ಒಮ್ಮೆ ತಂಗಿ ಎಂದ ಮೇಲೆ ಆ ಸಂಬಂಧ ಮತ್ತೆ ಕೂಡಿಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

"ಬಚಾವಾದೆ ಕಣೇ," ಎಂದು ಕೀರ್ತನಾ ತಂಗಿಯ ಭುಜ ಹಿಡಿದುಕೊಂಡಳು. ದೊಡ್ಡಕ್ಕ ಎಲೆ ಅಡಿಕೆ ಮೆಲ್ಲುತ್ತಾ, "ನಿನ್ ಅನುಮಾನವೇ ನಿಜ ಆತು ನೋಡವ್ವ. ಸುಳ್ಳು ಹೇಳ್ಕಂಡು ಬಂದಿದ್ರು," ಎಂದಳು.

ಬೆಡಗಿನ ಸುಳ್ಳು ಹೇಳಿದ್ದು ತಾನೆಂದು ಹೇಳಲು ಬೃಂದಾ ಬಾಯಿ ತೆರೆದಳು. ಎಲ್ಲರೂ ಅವಳನ್ನೇ ಮೆಚ್ಚಿಕೊಂಡು ನೋಡುತ್ತಿದ್ದರು. ಅವನು ಹೊರಗೆ ಬೈಕು ಸ್ಟಾರ್ಟ್ ಮಾಡಿದ ಸದ್ದು ಕೇಳಿಸಿತು.

"ಹೂಂ ಅಜ್ಜಿ," ಎಂದಳು.