ಎರಡೂ ಎಡಗೈ ತೋಳು

ಗಿರಾಕಿಗೆಂದು ಅತ್ತೆ ಸೊಟ್ಟಗೆ ಹೊಲಿದಿದ್ದ ಅಂಗಿಯ ಪಕ್ಕದ ಹೊಲಿಗೆಯನ್ನು ಸೊಸೆ ಅರ್ಧ ಬಿಚ್ಚಿದ್ದಳು. ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂರ್ತಿ ಬಿಚ್ಚಿ, ನೇರವಾಗಿ ಹೊಲಿದು, ಏನೂ ಅರಿಯದವಳಂತೆ ಮಡಿಸಿಡಬೇಕು. ಲಕ್ವ ಹೊಡೆದು ಅತ್ತೆಯ ಬಲಗೈ ಬಿದ್ದುಹೋಗಿ ಏಳು ತಿಂಗಳು. ಎಡಗೈಯಲ್ಲೇ ಕತ್ತರಿ ಹಿಡಿಯಲು ಕಲಿತು ಮತ್ತೆ ಮಿಷಿನ್ನಿನ ಮುಂದೆ ಕೂತು ಎರಡು ತಿಂಗಳು. ಅಂದಿನಿಂದ ಸೊಸೆಗೆ ದಿನವೂ ಇದೇ ಕಳ್ಳಗೆಲಸ. ಸಾಕಾಗಿತ್ತು ಅವಳಿಗೆ. ಮಿಷಿನ್ ಮಾರಲು ಒಬ್ಬ ದರ್ಜಿಯನ್ನು ಗೊತ್ತುಮಾಡಿದ್ದಳು. ಸಂಜೆ ಬಂದು ಒಯ್ಯುವವನಿದ್ದ. ಯಾರೋ ಬರುತ್ತಾರೆಂದಷ್ಟೇ ಅತ್ತೆಗೆ ಹೇಳಿದ್ದಳು, ಏಕೆಂದು ಹೇಳುವುದೊಂದು ಬಾಕಿ.

ಇನ್ನೂ ಅಂಗಿಗೆ ಸೇರಿಸದ ತೋಳಿನ ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಒಂದೇ ಬದಿಗೆ ಹೂವಿನ ಅಚ್ಚಿದ್ದ ಬಟ್ಟೆ. ಒಂದು ತುಂಡನ್ನು ಮಗುಚಿ ಹಾಕಲು ಮರೆತು, ಅತ್ತೆ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟಿದ್ದರು. ಇದನ್ನು ಬಿಚ್ಚಿ ಹೊಲಿದು ಮುಚ್ಚುವಂತಿಲ್ಲ.

"ಸಿಕ್ಕಿಬಿದ್ಯಾ?" ಅತ್ತೆ ಗೋಡೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಅಯ್ಯೋ ಅತ್ತೆ, ಯಾವಾಗಿಂದ ಗೊತ್ತು ನಿಮಗೆ?"

"ಮೊದಲ ದಿನದಿಂದ. ನನ್ನ ಹೊಲಿಗೆ ನನಗೆ ಗೊತ್ತಾಗಲ್ವೇನೇ? ಅಷ್ಟು ಕಷ್ಟಪಟ್ಟು ಮುಚ್ಚಿಡ್ತೀಯ, ಪಾಪ ಅಂತ ಸುಮ್ನಿದ್ದೆ." ತೋಳುಗಳನ್ನು ತೊಡೆಯ ಮೇಲೆ ಹರಡಿ ನೋಡಿ ನಕ್ಕರು, ಬಾಯಿ ಒಂದೇ ಕಡೆ ಅರಳಿತು. "ಎರಡೂ ಎಡಗೈ! ನನ್ನ ಅಳತೆಗೇ ಕತ್ತರಿಸಿದ್ದೀನಿ ಬಿಡು."

ಸೊಸೆಗೆ ನಗು ಬರಲಿಲ್ಲ. "ದಿನಾ ಬೇಡ್ಕೋತೀರಲ್ಲ, ದೇವರು ಏನು ಕೊಟ್ಟ? ಸಿಟ್ಟು ಬರಲ್ವಾ ಅವನ ಮೇಲೆ?"

"ಬಂದಿತ್ತಲ್ಲ! ಆಸ್ಪತ್ರೆಯಿಂದ ಬಂದಮೇಲೆ ಹದಿನೈದು ದಿನ ಮಾತು ಬಿಟ್ಟಿದ್ದೆ. ಅವನಿಗೇನು ನಷ್ಟ? ಹಾಸಿಗೆಯಿಂದ ಏಳೋಕಾಗದೆ ಬಿದ್ದಿದ್ದು ನಾನು. ಕೊನೆಗೆ ನಾನೇ ಸೋತು ಮಾತಾಡಿಸ್ದೆ. ಈಗ ಕೈ ಕೊಡು ಅನ್ನಲ್ಲಮ್ಮ. ಇವತ್ತು ಕೂರೋಷ್ಟು ಬಲ ಕೊಡು ಅಂತೀನಿ. ಅಷ್ಟನ್ನ ಒಂದು ದಿನವೂ ತಪ್ಪಿಸಿಲ್ಲ." ಕತ್ತರಿ ಎಳೆದುಕೊಂಡರು. "ಮಿಕ್ಕ ಬಟ್ಟೆ ತಾ. ಬಿಗಿಯಾಗಿ ಹಿಡ್ಕೋ, ಅಷ್ಟೇ. ಕತ್ತರಿಸೋದು ನಾನು."

ಬಲಗೈಯವರಿಗೆಂದು ಮಾಡಿದ ಕತ್ತರಿ. ಎಡಗೈಯಲ್ಲಿ ಹಿಡಿದರೆ ಸೀಮೆಸುಣ್ಣದ ಗೆರೆ ಅದರ ಅಲಗಿನಡಿಯೇ ಮುಚ್ಚಿಹೋಗುತ್ತದೆ. ಅತ್ತೆ ಕತ್ತು ಓರೆ ಮಾಡಿ ಗೆರೆಯನ್ನು ಹುಡುಕಿ ಹುಡುಕಿ ಕತ್ತರಿಸಿದರು. ಬೆರಳಗಲ ಹೋಗಿ ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು. "ಇಷ್ಟು ದಾಟಿಸಪ್ಪಾ... ಹಾಂ, ಇನ್ನಿಷ್ಟು." ಹಣೆಯ ಬೆವರು ಮೂಗಿನ ತುದಿಗಿಳಿದರೂ ಒರೆಸಿಕೊಳ್ಳಲು ಇನ್ನೊಂದು ಕೈಯಿಲ್ಲ. ಎರಡು ತಿಂಗಳು ಬರೀ ಸೊಟ್ಟ ಹೊಲಿಗೆಯನ್ನೇ ನೋಡಿದ್ದ ಸೊಸೆ, ಅದರ ಹಿಂದಿನ ಈ ಕೈಯನ್ನು ಒಮ್ಮೆಯೂ ಕೂತು ನೋಡಿರಲಿಲ್ಲ. ಸೆರಗಿನಿಂದ ಅತ್ತೆಯ ಮೂಗು ಒರೆಸಿದಳು.

"ನೋಡು, ಬಲಗೈದೇ ತಾನೇ?"

"ಬಲಗೈದೇ ಅತ್ತೆ."

"ಗಿರಾಕಿ ಹತ್ರ ತಪ್ಪು ನಂದು ಅಂತ ನಾನೇ ಹೇಳ್ತೀನಿ. ಇನ್ಮೇಲೆ ಸೊಟ್ಟ ಇದ್ರೆ ಬಾಯಿಬಿಟ್ಟು ಹೇಳು. ಬಿಚ್ಚೋಳೂ ನಾನೇ. ನೀನು ಬಿಚ್ಚಿದ್ರೆ ಈ ಕೈ ಕಲಿಯೋದು ಯಾವಾಗ?" ಮಿಷಿನ್ನಿನತ್ತ ಕುರ್ಚಿ ಸರಿಸಿಕೊಂಡರು. "ಅಂದ ಹಾಗೆ, ಸಂಜೆ ಯಾರೋ ಬರ್ತಾರೆ ಅಂದ್ಯಲ್ಲ, ಯಾರು?"

"ಅವರು ಬರಲ್ಲ ಅತ್ತೆ," ಎಂದಳು ಸೊಸೆ, ಸೂಜಿಗೆ ದಾರ ಪೋಣಿಸುತ್ತ. ಮಿಷಿನ್ ಮಾರುವುದಿಲ್ಲವೆಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿದ್ದು ಆ ಗಳಿಗೆಯಲ್ಲೇ.