ಮೊಳೆಯ ಮೇಲಿನ ಬಿಲ್ಲೆ

ಟಕ್, ಟಕ್ — ಕಿಟಕಿಯ ತಗಡೇ ಇರಬೇಕು, ಬಂಗಾರಪೇಟೆ ಬಿಟ್ಟಾಗಿನಿಂದ ಈ ರೈಲು ಹೀಗೇ ಬಡಿದುಕೊಳ್ಳುತ್ತಿದೆ, ರಾಧಾಮಣಿ ಅಂಗೈಯಿಂದ ತಗಡನ್ನು ಒತ್ತಿ ಹಿಡಿದಳು, ತಗಡು ಸುಮ್ಮನಾಯಿತು, ಸದ್ದು ಸುಮ್ಮನಾಗಲಿಲ್ಲ, ಹಾಗಾದರೆ ಎಲ್ಲಿಂದ, ಎದೆಯಿಂದಲೋ ಎಂದು ಸೆರಗಿನೊಳಗೆ ಕೈ ಹೋಗಿಯೇಬಿಟ್ಟಿತು, ಎಡಗಡೆ, ಗಂಟು ಅಲ್ಲೇ ಇದೆ, ಎಲ್ಲಿಗೆ ಹೋಗುತ್ತಾಳೆ ಮಹರಾಯ್ತಿ, ಹುಣಸೆಬೀಜದಷ್ಟಿದ್ದದ್ದು ಈಗ ನಿಂಬೆಕಾಯಿ, ಒತ್ತಿದರೆ ಅಲುಗುವುದಿಲ್ಲ, ನೋವೂ ಇಲ್ಲ — ಗಟ್ಟಿಗಿದ್ರೆ ಏನೂ ಆಗಲ್ಲ ಕಣವ್ವಾ, ಅಲ್ಲಾಡಿದ್ರೇನೇ ಭಯ, ಎನ್ನುತ್ತಿದ್ದ ಅಪ್ಪ, ಮೈಸೂರು ಮೈನ್ಸಿನ ಚಿನ್ನದ ಗಣಿಯ ಸುರಂಗದಲ್ಲಿ ಸಲಾಕೆಯಿಂದ ಬಂಡೆ ತಟ್ಟಿ ನೋಡುವುದೇ ಅಪ್ಪ ದೊಡ್ಡವೆಂಕಟಪ್ಪನ ಕೆಲಸ, ಅಲುಗುವ ಬಂಡೆ ತಲೆಮೇಲೆ ಬೀಳುತ್ತದೆ, ಗಟ್ಟಿ ಬಂಡೆಯ ಕೆಳಗೆ ಕೂತು ಬುತ್ತಿ ಉಣ್ಣಬಹುದು, ಆ ಮಾತು ನಂಬಿ ಅವಳೂ ದಿನಾ ಬಚ್ಚಲಲ್ಲಿ ಉಗುರಿನಿಂದ ತಟ್ಟಿ ನೋಡುತ್ತಿದ್ದಳು, ಗಟ್ಟಿಗಿದೆ, ಸರಿ, ಎಂದು ಕುಪ್ಪಸದ ಹುಕ್ಕು ಹಾಕಿಕೊಂಡು ಕೂಲಿಗೆ ಹೊರಡುತ್ತಿದ್ದಳು, ಯಾರಿಗೂ ಹೇಳದೆ, ಮಗಳಿಗೂ ಹೇಳದೆ, ಎಂಥ ಪೆದ್ದಿ, ಮೈಯೇನು ಬಂಡೆಯೇ, ಅಲುಗದ ಗಂಟಿಗೇ ಹೆಚ್ಚು ಹೆದರಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಅಪ್ಪನ ಮೇಲೆ ಸಿಟ್ಟು ಬಂತು, ಎಂದೋ ಸತ್ತವನ ಮೇಲೆ.

ಎದುರು ಸೀಟಿನಲ್ಲಿ ಮಗಳು ನವ್ಯ ರಿಪೋರ್ಟಿನ ಚೀಲ ಅವುಚಿಕೊಂಡು ನಿದ್ದೆ ನಟಿಸುತ್ತಿದ್ದಾಳೆ, ಕಳ್ಳಿ, ರೆಪ್ಪೆ ಒದ್ದೆಯಾಗಿದೆ — ಗಂಟಿನ ಚೂರು ತೆಗೆದು ನೋಡಿದ್ದಾರೆ, ಕ್ಯಾನ್ಸರೇ, ಅದರ ಒಂದೊಂದು ಕೋಶದ ಮೈಮೇಲೂ ಒಂದು ಜಾತಿಯ ಪ್ರೋಟೀನು ಮಿತಿಮೀರಿ ಕೂತಿದೆಯಂತೆ, ಬೆಳೆ ಬೆಳೆ ಎಂದು ಅಪ್ಪಣೆ ಕೊಡುವುದು ಅದೇ ಅಂತೆ, ಬೇಗ ಬೆಳೆಯುತ್ತದೆ, ಬೇರೆ ಕಡೆಗೂ ಇಳಿಯುತ್ತದೆ, ಆದರೆ ಆ ಗುರುತನ್ನೇ ಹಿಡಿದು ಬಡಿಯುವ ಔಷಧಿಯೂ ಇದೆಯಂತೆ, ಬಿಲ್ಲೆ ಥರಾನಾ ಮೇಡಮ್, ಎಂದು ರಾಧಾಮಣಿ ಕೇಳಿಬಿಟ್ಟಳು, ಊಂ, ಬಿಲ್ಲೆ ಅಂತಲೇ ಇಟ್ಕೊಳ್ಳಿ, ನಾಳೆ ಸ್ಕ್ಯಾನ್ ಮಾಡಿದ್ರೆ ಎಲ್ಲೆಲ್ಲಿಗೆ ಹೋಗಿದೆ ಅಂತ ಗೊತ್ತಾಗುತ್ತೆ — ಡಾಕ್ಟರಮ್ಮನಿಗೇನು ಗೊತ್ತು ಬಿಲ್ಲೆ ಎಂದರೆ, ಗಣಿಗೆ ಇಳಿಯುವವರೆಲ್ಲ ತಮ್ಮ ಹಿತ್ತಾಳೆ ಬಿಲ್ಲೆಯನ್ನು ಗೇಟಿನ ಹಲಗೆಯ ಮೊಳೆಗೆ ತೂಗುಹಾಕಿ ಹೋಗಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು, ಹಲಗೆಯ ಮೇಲೆ ಉಳಿದ ಬಿಲ್ಲೆ ಎಂದರೆ ಕೆಳಗೆ ಉಳಿದ ಮನುಷ್ಯ, ಅವಳು ಚಿಕ್ಕವಳಿದ್ದಾಗ ಒಂದು ದಿನ ಕೆಳಗೆ ಬಂಡೆ ಕುಸಿದು ನೆಲ ಗುಡುಗಿತು, ಪಾತ್ರೆಗಳು ಉರುಳಿದವು, ಅವ್ವ ಅವಳ ಕೈ ಹಿಡಿದು ಓಡುತ್ತಾಳೆ, ಮಸಿ ಮುಖದವರು ಒಬ್ಬೊಬ್ಬರೇ ಮೇಲೆ ಬರುತ್ತಾರೆ, ಒಂದೊಂದೇ ಬಿಲ್ಲೆ ಕಳಚುತ್ತದೆ, ಕಡೆಗೆ ಒಂದು ಉಳಿಯಿತು, ಅಪ್ಪನದು, ಕೆಳಗಿಂದ ಯಾರೋ ಕೊಳವೆ ತಟ್ಟುತ್ತಿದ್ದಾರೆ ಎಂದರು, ಅವಳಿಗೂ ಕೇಳಿಸಿತು, ಟಕ್, ಟಕ್, ಆಮೇಲೆ ಯಾರಿಗೂ ಕೇಳಿಸಲಿಲ್ಲ, ಅವಳೊಬ್ಬಳನ್ನು ಬಿಟ್ಟು, ಬಿಲ್ಲೆ ಮನೇಗೆ ತಗೊಂಡೋಗಮ್ಮ ಎಂದು ಗೇಟಿನವನು ಹೇಳಿದರೆ ಅವ್ವ ಮುಟ್ಟಲಿಲ್ಲ, ಇರ್ಲಿ, ಬಂದು ಅವ್ರೇ ತಗೋತಾರೆ.

ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಬೂದು ಸೈನೈಡ್ ದಿಣ್ಣೆ ಕಿಟಕಿಗೆ ಬಂತು, ಅಂದರೆ ಊರು ಬಂತು, ನಾಳೆ ಅವಳನ್ನು ಮಲಗಿಸಿ ಸುರಂಗದಂಥ ಮೆಷೀನಿನೊಳಗೆ ತಳ್ಳುತ್ತಾರಂತೆ, ಅಪ್ಪ ಇಳಿದಂತೆ ಅವಳೂ, ಇಲ್ಲ, ಇಳಿದಿರುವುದು ಆ ಕೋಶಗಳು, ಅವಳೊಳಗೆ, ಎಷ್ಟು ಮಂದಿಯೋ, ಎಲ್ಲೆಲ್ಲಿಗೋ, ಕೇಳದೆ ಹೇಳದೆ — ಅಮ್ಮಾ, ನಾಳೆ ಬತ್ತೀಯ ತಾನೆ, ಎಂದಳು ನವ್ಯ ಕಣ್ಣು ಬಿಡದೆಯೇ, ಬತ್ತೀನಿ ಕಣೇ, ಹೋಗದೆ ಏನು ಮಾಡುವುದು, ಭಯವಾಗುತ್ತಿದೆ, ತುಂಬ ಭಯವಾಗುತ್ತಿದೆ, ಬದುಕಬೇಕು ಅನ್ನಿಸುತ್ತಿದೆ, ಔಷಧಿ ಒಳಗಿಳಿಯಲಿ, ಒಂದೊಂದೇ ಬಿಲ್ಲೆ ಕಳಚಲಿ, ಎಲುಬಿನಲ್ಲಿದ್ದರೂ ಕಳಚಲಿ, ಹಲಗೆ ಬರಿದಾಗಲಿ, ಕಣ್ಣು ಮುಚ್ಚಿದರೆ ಆಗುತ್ತಿದೆ, ಬರೀ ಮೊಳೆಗಳು, ಸಾಲು ಸಾಲು ಬರೀ ಮೊಳೆಗಳು — ರೈಲು ನಿಂತಿತು, ತಗಡು ನಿಂತಿತು, ಗಾಳಿಯಿಲ್ಲ, ಟಕ್, ಹಲಗೆಯ ಮೂಲೆಯ ಮೊಳೆಯಲ್ಲಿ ಒಂದು ಬಿಲ್ಲೆ, ಈಗತಾನೆ ಯಾರೋ ಸಿಕ್ಕಿಸಿ ಇಳಿದುಹೋದಂತೆ, ಟಕ್, ತೂಗುತ್ತಿದೆ