ಹನ್ನೆರಡನೆಯ ಹಾಳೆ

ಸಿದ್ದಮಲ್ಲಪ್ಪನ ಹಾಳೆಯಲ್ಲಿ ಒಂದು ಕಲೆ ಹೆಚ್ಚಾಗಿತ್ತು.

ಓವನ್ನಿನಿಂದ ಆಗತಾನೆ ತೆಗೆದ ಹಾಳೆಯನ್ನು ಡಾಕ್ಟರ್ ಬಿಂದುಮಾಧವ ಚಿಮುಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ನರರೋಗಿಯ ಬೆನ್ನುಹುರಿಯ ನೀರನ್ನು ಹಾಳೆಯ ಮೇಲೆ ತೊಟ್ಟಿಕ್ಕಿಸಿ, ರಾತ್ರಿಯೆಲ್ಲ ದ್ರಾವಣದಲ್ಲಿ ಇಳಿಬಿಟ್ಟು, ಒಣಗಿಸಿ, ಔಷಧಿ ಸಿಂಪಡಿಸಿ ಕಾಯಿಸಿದರೆ ಅದರೊಳಗಿನ ಅಮೈನೋ ಆಮ್ಲಗಳು ನೇರಳೆ ಕಲೆಗಳಾಗಿ ಮೂಡುತ್ತಿದ್ದವು. ಬೇರೆ ಹನ್ನೊಂದು ರೋಗಿಗಳ ಹಾಳೆಗಳು ಹೆಚ್ಚುಕಡಿಮೆ ಒಂದೇ ತರಹ ಇದ್ದವು; ಕೈನಡುಕದ ಕಾಯಿಲೆ ಇದ್ದವನು ಸಿದ್ದಮಲ್ಲಪ್ಪ ಒಬ್ಬನೇ.

"ಕೈನಡುಕದ ಗುರುತೇ ಸಿಕ್ಕಿಬಿಡ್ತು ಕಣಮ್ಮ ಗಿರಿಜಾಂಬಾ! ಆದರೆ ಖಾತ್ರಿಯಾಗಬೇಕು. ತೆಗೆದಿದ್ದ ನೀರು ಮುಗಿದಿದೆ, ನಾಳೆ ಬೆನ್ನಿಗೆ ಸೂಜಿ ಹಾಕಿ ಇನ್ನೊಂದು ಸಲ ತೆಗೆಯೋಣ. ನೀವೇ ಹೋಗಿ ಸಿದ್ದಮಲ್ಲಪ್ಪನ್ನ ಒಪ್ಪಿಸಿ. ನನ್ನ ಕಂಡ್ರೆ ಅವನು ಮಂಚದ ಕೆಳಗೆ ಸೇರ್ಕೋತಾನೆ."

ಪ್ರಯೋಗಾಲಯದ ಸಹಾಯಕಿ ಗಿರಿಜಾಂಬಾ ವಾರ್ಡಿಗೆ ಹೋದಳು. ಚಾಮರಾಜಪುರಂ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ ಸಿದ್ದಮಲ್ಲಪ್ಪ ಗಂಟು ಕಟ್ಟಿಕೊಂಡು ಕೂತಿದ್ದ. ಅವಳು ವಿಷಯ ಹೇಳಿದಳು.

"ಇನ್ನೊಂದು ಸೂಜಿಯಾ? ಓದ್ಸಲ ಚುಚ್ಚಿದ್ಮೇಲೆ ಮೂರು ದಿವ್ಸ ತಲೆ ಎತ್ತಿದ್ರೆ ಲೋಕವೇ ತಿರುಗ್ತಿತ್ತು ಕಣ್ರವ್ವ. ನಾಳೆ ಮನೆಗೆ ಕಳುಸ್ತೀವಿ ಅಂದಿದ್ರಿ. ಚುಚ್ಚಕ್ಕೆ ಬಂದ್ರೆ ಈ ಕಿಟಕಿಯಿಂದ ಆರ್ಬುಡ್ತೀನಿ!"

"ಆರು, ನೋಡಾವ," ಎಂದಳು ಹೆಂಡತಿ ಕೆಂಚಮ್ಮ. "ಕೆಳಗೆ ಹೂವಿನ ಪಾತಿ ಅದೆ. ಮೊಣಕಾಲೆತ್ರಾನೂ ಇಲ್ಲ ಕಿಟಕಿ."

ಗಿರಿಜಾಂಬಾ ನಕ್ಕಳು. ಆದರೆ ಗಂಟನ್ನು ಬಿಡದೆ ಹಿಡಿದಿದ್ದ ಅವನ ಕೈ ನೋಡಿ, ಒತ್ತಾಯಿಸದೆ ಹಿಂತಿರುಗಿದಳು.

ಪ್ರಯೋಗಾಲಯದಲ್ಲಿ ಭೂತಗನ್ನಡಿ ಹಿಡಿದು ಆ ಕಲೆಯನ್ನು ನೋಡಿದಳು. ಮಿಕ್ಕ ಕಲೆಗಳು ಬರೀ ಬಣ್ಣ. ಇದರೊಳಗೆ ಸಣ್ಣ ಸಣ್ಣ ಗೆರೆಗಳಿದ್ದವು. ಬೆರಳಿನ ಬೆವರಿನಲ್ಲೂ ಅವೇ ಆಮ್ಲಗಳಿರುತ್ತವೆ. ನಿನ್ನೆ ಸಂಜೆ, ಚಿಮುಟ ಸಿಗದೆ, ಒಣಗಿದ ಹಾಳೆಯನ್ನು ಹಗ್ಗದಿಂದ ಇಳಿಸಿದವರು ಯಾರೆಂದು ಅವಳಿಗೆ ನೆನಪಿತ್ತು. ಹೇಳುವುದು ಹೇಗೆ?

ಖಾಲಿ ಹಾಳೆಯೊಂದನ್ನು ಚಿಮುಟದಲ್ಲಿ ಹಿಡಿದು ಡಾಕ್ಟರ ಮುಂದೆ ನಿಂತಳು.

"ಸಾರ್, ಇದನ್ನ ಒಂದು ನಿಮಿಷ ಹಿಡ್ಕೊಳ್ಳಿ. ಬರೀ ಕೈಲಿ."

"ಬರೀ ಕೈಲಾ? ಮುಟ್ಟಬೇಡಿ ಅಂತ ಎಲ್ಲರಿಗೂ ಬೈಯೋನೇ ನಾನು."

"ಹಿಡ್ಕೊಳ್ಳಿ ಸಾರ್."

ಹಿಡಿದರು. ಅವಳು ಔಷಧಿ ಸಿಂಪಡಿಸಿ ಓವನ್ನಿನಲ್ಲಿಟ್ಟಳು. ಹತ್ತು ನಿಮಿಷ ಇಬ್ಬರೂ ಓವನ್ನಿನ ಮುಂದೆ ನಿಂತರು. ಹೊರಗೆ ತೆಗೆದಾಗ ಹಾಳೆಯ ಅಂಚಿನಲ್ಲಿ ಅದೇ ಕಲೆ, ಅದೇ ಗೆರೆಗಳು.

ಡಾಕ್ಟರು ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಎಂ.ಡಿ. ಮಾಡಿ ಹೆಬ್ಬೆಟ್ಟು ಒತ್ತಿದೀನಲ್ಲಮ್ಮ! ಆಗಲೇ ಪ್ರೊಫೆಸರಿಗೆ ಫೋನ್ ಬೇರೆ ಮಾಡಿಬಿಟ್ಟೆ. ನಡೀರಿ ನಡೀರಿ, ಮೊದಲು ಅವನಿಗೆ ಹೇಳೋಣ."

"ಸೂಜಿ ಇಲ್ಲ ಕಣಪ್ಪ. ತಪ್ಪು ನಂದು," ಎಂದರು ಡಾಕ್ಟರು ವಾರ್ಡಿನಲ್ಲಿ. "ಮಾತ್ರೆ ತಗೊಂಡು ಈಗಲೇ ಮನೆಗೆ ಹೋಗು."

"ಈಗ್ಲೇ?"

"ಮನಸ್ಸು ಬದಲಾಯಿಸೋದ್ರೊಳಗೆ."

ಸಿದ್ದಮಲ್ಲಪ್ಪ ಮಂಚದಿಂದ ಇಳಿದು ಅಂಗಿ ತೊಟ್ಟುಕೊಂಡ. ಮೊದಲ ಗುಂಡಿ ಕೈಗೆ ಸಿಕ್ಕಿ ಜಾರಿತು. ಕೆಂಚಮ್ಮ ಕೈ ನೀಡಿದಳು.

"ಬುಡು, ನಾನೇ ಆಕ್ಕೊತೀನಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಡಾಕ್ಟರು ಗಡಿಯಾರ ನೋಡಲಿಲ್ಲ. ಗಿರಿಜಾಂಬಾಳೂ ಸೇರಿ ಮೂವರೂ ನಿಂತು ಕಾದರು. ಗುಂಡಿ ಎರಡು ಸಲ ಕಾಜದ ಅಂಚಿಗೆ ಬಡಿದು, ಮೂರನೆಯ ಸಲ ಒಳಗೆ ಹೋಯಿತು. ಸಿದ್ದಮಲ್ಲಪ್ಪನ ಬೆರಳುಗಳು ಎರಡನೆಯದನ್ನು ಹುಡುಕತೊಡಗಿದವು.